ಕೊಸರಿಗೊಂದು ಪ್ರಮಾಣಪತ್ರ

ಅಮೀನಗಡದ ಆ ಕರದಂಟಿನ ಕಾರ್ಖಾನೆಗೆ ಮಧ್ಯಾಹ್ನದ ಹೊತ್ತು ಹೋಗಬಾರದು. ಹೋದರೆ ಕಣ್ಣು ಎಳೆಯುತ್ತವೆ. ತುಪ್ಪದಲ್ಲಿ ಅಂಟು ಅರಳುವ ವಾಸನೆ, ಬೆಲ್ಲದ ಪಾಕದ ಹಬೆ, ತಗಡಿನ ಚಾವಣಿಯ ನಡುವೆ ಕೂರಿಸಿದ ಮಸುಕು ಪ್ಲಾಸ್ಟಿಕ್ ಹಾಳೆಯಿಂದ ಇಳಿಯುವ ಹಾಲಿನಂಥ ಬೆಳಕು, ಅದರೊಳಗೆ ಬಿಳಿ ಟೊಪ್ಪಿಗೆ, ಬಿಳಿ ಕೈಗವಸು ಹಾಕಿಕೊಂಡು ಮಾತಿಲ್ಲದೆ ತುಂಡು ಎಣಿಸುವ ಎಂಟು ಹೆಂಗಸರು. ಹೊರಗೆ ಹೆದ್ದಾರಿಯಲ್ಲಿ ಬಸ್ಸು ನಿಂತು ಹೊರಡುವ ಸದ್ದು ಒಳಗೆ ಬರುವಷ್ಟರಲ್ಲಿ ಬೇರೆ ಯಾವುದೋ ಊರಿನದು ಅನ್ನಿಸುತ್ತದೆ. ಅಲ್ಲಿ ಗೋಡೆಗೆ ಒರಗಿ ನಿಂತುಕೊಂಡೇ ನಾನು ಎರಡು ಸಲ ತೂಕಡಿಸಿದ್ದೇನೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ನಡೆದದ್ದರಲ್ಲಿ ನನ್ನ ಆ ಅರೆನಿದ್ದೆಯ ಪಾಲೂ ಇದೆ.

ನನ್ನ ಕೆಲಸ ಕಾಗದದ್ದು. ಬಾಗಲಕೋಟೆಯ ನವನಗರದಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರು, ಗೋಡೆಯ ತುಂಬ ಫೈಲು. ಈ ಕಡೆಯ ಸಣ್ಣ ಪುಟ್ಟ ಕಾರ್ಖಾನೆಯವರು ಪರದೇಶಕ್ಕೆ ಸರಕು ಕಳಿಸಬೇಕಾದರೆ ಬೇಕಾಗುವ ಕಾಗದಪತ್ರ ಮಾಡಿಕೊಡುತ್ತೇನೆ. ಈ ಕರದಂಟು ಹೊರಟಿದ್ದು ಪೂರ್ವ ಆಫ್ರಿಕಾದ ಒಂದು ಬಂದರಿನ ಊರಿಗೆ. ಅಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ವ್ಯಾಪಾರಿಯೊಬ್ಬರು ಅರ್ಧ ಕಿಲೋದ ಸಾವಿರದ ಇನ್ನೂರು ಡಬ್ಬಿ ಕೇಳಿದ್ದರು. ಆ ದೇಶದ ಕಾನೂನಿನಲ್ಲಿ ಒಂದು ಷರತ್ತಿದೆ. ಸರಕು ಹಡಗು ಹತ್ತುವ ಮೊದಲೇ, ಇದು ನಮ್ಮ ಮಾನದಂಡಕ್ಕೆ ಹೊಂದುತ್ತದೆ ಎಂದು ಅವರು ಒಪ್ಪಿದ ತಪಾಸಣಾ ಸಂಸ್ಥೆಯೊಂದು ಪ್ರಮಾಣಪತ್ರ ಕೊಡಬೇಕು. ಅದಿಲ್ಲದೆ ಹೋದ ಸರಕನ್ನು ಅಲ್ಲಿಯ ಬಂದರಿನಲ್ಲೇ ನಾಶ ಮಾಡುತ್ತಾರೆ, ಇಲ್ಲವೇ ತಿರುಗಿ ಕಳಿಸುತ್ತಾರೆ. 

ಎಲ್ಲವೂ ನೀರು ಹರಿದಷ್ಟು ಸಲೀಸಾಗಿ ನಡೆದಿತ್ತು. ಪ್ರಯೋಗಾಲಯಕ್ಕೆ ಮಾದರಿ ಹೋಗಿ ತೇವಾಂಶ, ಬೂಷ್ಟಿನ ವಿಷ, ಸೂಕ್ಷ್ಮಜೀವಿ ಎಲ್ಲದರ ವರದಿಯೂ ಚೊಕ್ಕ ಬಂತು. ಡಬ್ಬಿಯ ಮೇಲೆ ಸುತ್ತುವ ಹೊದಿಕೆ ಕಾಗದದಲ್ಲಿ ಗೋಡಂಬಿ, ಬಾದಾಮಿ ಒಗ್ಗದವರಿಗೆ ಎಚ್ಚರಿಕೆ, ತಯಾರಿಸಿದ ತಾರೀಖು, ತರಿಸಿಕೊಳ್ಳುವವರ ಹೆಸರು, ನಿವ್ವಳ ತೂಕ ಐನೂರು ಗ್ರಾಂ ಎಲ್ಲ ಅಚ್ಚಾಯಿತು. ಹೊದಿಕೆಯಲ್ಲಿದ್ದದ್ದನ್ನು ನೋಡಿಯೇ ನಾನು ಅರ್ಜಿ ತುಂಬಿದೆ. ಅರ್ಜಿಯ ಕೊನೆಯಲ್ಲಿ ‘ಮೇಲಿನ ವಿವರಗಳನ್ನು ಖುದ್ದಾಗಿ ಪರಿಶೀಲಿಸಿದ್ದೇನೆ’ ಎಂಬ ಸಾಲಿನ ಕೆಳಗೆ ಸಹಿ ಹಾಕಿದವಳೂ ನಾನೇ.

ತಪಾಸಣೆಗೆ ಬಂದವನು ಬೆಳಗಾವಿ ಕಡೆಯ ಹುಡುಗ, ಮೂವತ್ತರ ಆಸುಪಾಸು. ಬಾದಾಮಿಯಲ್ಲಿ ಕೋಣೆ ಮಾಡಿಕೊಂಡು ಬೆಳಿಗ್ಗೆ ಗುಹೆ ನೋಡಿ ಬಂದಿದ್ದ. ಬೂಟಿಗೆ ಅಲ್ಲಿಯ ಕೆಂಪು ಮಣ್ಣು ಮೆತ್ತಿತ್ತು, ಒಳಗೆ ಬರುವ ಮೊದಲು ಅದನ್ನು ನಾಲ್ಕು ಸಲ ಒರೆಸಿದ. ಪೆಟ್ಟಿಗೆ ಎಣಿಸಿದ, ಫೋಟೋ ತೆಗೆದ, ತನ್ನ ಕೋಷ್ಟಕ ನೋಡಿ ಐವತ್ತು ಪೆಟ್ಟಿಗೆಗಳಲ್ಲಿ ಅಲ್ಲಲ್ಲಿಂದ ಮೂವತ್ತೆರಡು ಡಬ್ಬಿ ಆರಿಸಿ ಸಾಲಾಗಿ ಇಟ್ಟ. ಖಾಲಿ ಡಬ್ಬಿಯ ತೂಕ ಕಳೆದು ಒಂದೊಂದಾಗಿ ತಕ್ಕಡಿಯ ಮೇಲಿಡತೊಡಗಿದ. ಕೆಂಪು ಅಂಕಿ ಮೂಡುತ್ತಿತ್ತು, ಆರುತ್ತಿತ್ತು. ನಾನು ಆ ಹಾಲುಬೆಳಕಿನಲ್ಲಿ ನಿಂತು, ಈ ಡಬ್ಬಿಗಳು ಸಮುದ್ರದ ಆಚೆ ಯಾರ ಮನೆಯ ಗೂಡಿನಲ್ಲಿ ಕೂರುತ್ತವೋ, ಯಾವ ಬಾಣಂತಿ ತಿನ್ನುತ್ತಾಳೋ ಎಂದು ಎಲ್ಲೆಲ್ಲೋ ತೇಲುತ್ತಿದ್ದೆ.

“ಮೇಡಂ, ಜಾಸ್ತಿ ಬರಾಕತ್ತೈತ್ರಿ,” ಅಂದ.

“ಏನು ಜಾಸ್ತಿ?”

“ತೂಕ. ಐನೂರಾ ಇಪ್ಪತ್ತು. ಇದೂ ಐನೂರಾ ಇಪ್ಪತ್ತೊಂದು. ಒಂದರೆ ಐನೂರು ಇಲ್ರಿ.”

ತಕ್ಕಡಿ ಕೆಟ್ಟಿದೆ ಅಂದೆ ನಾನು. ನನ್ನ ಸ್ವಭಾವವೇ ಹಾಗೆ, ಮೊದಲು ಸಿಟ್ಟು, ಆಮೇಲೆ ಬುದ್ಧಿ. ಅವನು ಜಗಳಕ್ಕೆ ಬರಲಿಲ್ಲ. ಮುದ್ರೆಯೊತ್ತಿದ ತೂಕದ ಬಟ್ಟು ತರಿಸಿ ತಕ್ಕಡಿ ಸರಿಯಿದೆಯೆಂದು ತೋರಿಸಿದ. ಪೂರಾ ಮೂವತ್ತೆರಡನ್ನೂ ತೂಗಿದ. ಒಂದೂ ಐನೂರಾ ಹದಿನೆಂಟಕ್ಕಿಂತ ಕೆಳಗೆ ಇಳಿಯಲಿಲ್ಲ.

“ಹೆಚ್ಚಿಗೆ ಕೊಟ್ರ ಯಾರಿಗೇನು ಲುಕ್ಸಾನ್ರಿ?” ಎಂದು ಕಾರ್ಖಾನೆಯ ಯಜಮಾನರು ಕೇಳಿದರು. ಅಪ್ಪನ ಕಾಲದಿಂದ ಅಂಗಡಿ ನಡೆಸಿಕೊಂಡು ಬಂದು, ಈಗ ಮೊದಲ ಸಲ ಪರದೇಶಕ್ಕೆ ಕಳಿಸುತ್ತಿದ್ದವರು. ಒಳ್ಳೆಯವರೇ, ಆದರೆ ಹೆದರಿದರೆ ಸಿಡುಕುತ್ತಾರೆ.

“ಗಿರಾಕಿಗೆ ಲುಕ್ಸಾನ್ ಇಲ್ರಿ. ಆದ್ರ ಇನ್ವಾಯ್ಸಿನ್ಯಾಗ ಇರೂದು ಆರನೂರು ಕಿಲೋ. ಒಳಗಿರೂದು ಅದಕ್ಕಿಂತ ಇಪ್ಪತ್ನಾಕು ಕಿಲೋ ಹೆಚ್ಚು. ಅಲ್ಲಿ ಸುಂಕದವರ ಲೆಕ್ಕದಾಗ ಅದು ಬಚ್ಚಿಟ್ಟು ತಂದ ಮಾಲು ಆಗ್ತೈತ್ರಿ,” ಎಂದ ಹುಡುಗ. ಪಾಪ, ಹೇಳಲು ಅವನಿಗೇ ಸಂಕೋಚ. 

ಅಯ್ಯ ಶಿವನೇ! ಕಡಿಮೆ ತೂಗಿ ಸಿಕ್ಕಿಬಿದ್ದವರನ್ನು ನೋಡಿದ್ದೇನೆ. ಹೆಚ್ಚು ಕೊಟ್ಟು ಕಳ್ಳಸಾಗಣೆಯ ಲೆಕ್ಕಕ್ಕೆ ಸಿಕ್ಕವರನ್ನು ಅವತ್ತೇ ಕಂಡದ್ದು.

ಕಾರಣ ಹುಡುಕಲು ಮೇಜಿನ ಒಂದು ತುದಿಯಿಂದ ಶುರು ಮಾಡಿದೆವು. ಹೆಂಗಸರು ಇಪ್ಪತ್ತೈದು ತುಂಡು ಹಾಕಿ ತಕ್ಕಡಿಗೆ ಇಡುತ್ತಾರೆ, ಗ್ರಾಂ ಎರಡು ಗ್ರಾಂ ಆಚೀಚೆ ಇದ್ದರೆ ತುಂಡು ಬದಲಿಸುತ್ತಾರೆ. ಐನೂರು ಬಂದ ಮೇಲೆ ಡಬ್ಬಿ ಸರಿದು ಸರಿದು ಮೇಜಿನ ಕೊನೆಯಲ್ಲಿ ಕೂತ ಆಯಿಯ ಹತ್ತಿರ ಬರುತ್ತದೆ. ಆಯಿ ಎಂದರೆ ನಮ್ಮ ಕಡೆ ಅಜ್ಜಿ, ಅಲ್ಲಿ ಎಲ್ಲರಿಗೂ ಅವಳು ಆಯಿ. ಯಜಮಾನರ ಅಪ್ಪನ ಕಾಲದಿಂದ ಇರುವವಳು, ಎಪ್ಪತ್ತರ ಹತ್ತಿರ, ಕೈ ಮಾತ್ರ ಮೂವತ್ತರದು. ಅವಳ ಕೆಲಸ ಮುಚ್ಚಳ ಹಾಕಿ, ಸುತ್ತ ಅಂಟುಪಟ್ಟಿ ಸುತ್ತುವುದು. ನಾವು ನೋಡುತ್ತ ನಿಂತಿದ್ದೆವು. ಡಬ್ಬಿ ಬಂತು. ಅವಳ ಎಡಗೈ ಮುಚ್ಚಳ ಎತ್ತಿಕೊಂಡಿತು, ಬಲಗೈ ಪಕ್ಕದ ತಟ್ಟೆಯಿಂದ ಒಂದು ತುಂಡು ತೆಗೆದು ಮೇಲಿಟ್ಟಿತು. ಮುಚ್ಚಳ ಬಿತ್ತು.

“ಆಯಿ, ಅದೇನದು ಕಡೀಕ ಹಾಕಿದ್ದು?” ಎಂದು ಕೇಳಿದೆ.

“ಕೊಸರು, ತಂಗಿ,” ಅಂದಳು, ಇದನ್ನೂ ಕೇಳುತ್ತಾರೆಯೇ ಅನ್ನುವ ಹಾಗೆ.

ಸಂತೆಯಲ್ಲಿ ಬದನೆಕಾಯಿ ಕೊಂಡರೂ ತೂಗಿದ ಮೇಲೆ ಒಂದನ್ನು ಚೀಲಕ್ಕೆ ಹಾಕುತ್ತಾರಲ್ಲ, ಅದು. ತೂಕಕ್ಕೆ ಸರಿಯಾಗಿ ಕೊಟ್ಟು ಕೈ ಝಾಡಿಸುವುದು ನಮ್ಮ ಕಡೆ ಜಿಪುಣರ ಲಕ್ಷಣ. ಮತ್ತೆ, ಕೊಸರನ್ನು ಯಾರೂ ತೂಗುವುದಿಲ್ಲ. ತಕ್ಕಡಿಯಿಂದ ಇಳಿಸಿದ ಮೇಲೆಯೇ ಹಾಕಬೇಕು. ಅದಕ್ಕೇ ಈ ಕಾರ್ಖಾನೆಯ ಯಾವ ತಕ್ಕಡಿಗೂ ಅದು ಕಂಡಿರಲಿಲ್ಲ. ನಾನೂ ಇದೇ ನೆಲದವಳು, ಹುಟ್ಟಿದಾಗಿನಿಂದ ಕೊಸರು ಈಸಿಕೊಂಡು ತಿಂದವಳು. ಆದರೂ ಒಂದೇ ಒಂದು ಡಬ್ಬಿಯನ್ನು ತೂಗಿ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ.

ಯಜಮಾನರ ಮುಖ ಕೆಂಪಾಯಿತು. ಒಂದು ಸಲಕ್ಕೆ ಪಾಕ ಮಾಡಿ ಕತ್ತರಿಸಿದ ಪ್ರತಿ ಹದದಲ್ಲೂ ತುಂಡು ಕಡಿಮೆ ಬೀಳುತ್ತಿದ್ದದ್ದನ್ನು ನೋಡಿ ಅವರು ಹೆಂಗಸರು ತಿನ್ನುತ್ತಿದ್ದಾರೆಂದು ತಿಂಗಳಿಡೀ ಅನುಮಾನಪಟ್ಟಿದ್ದರಂತೆ. “ಆಯಿ, ಏನ್ ಮಾಡಿಬಿಟ್ಟಿ ಬೇ ನೀ! ಸಾವಿರದಾ ಇನ್ನೂರು ಡಬ್ಬಿ!” ಎಂದು ಕೂಗಿದರು.

“ಪರಊರಿಗೆ ಹೊಂಟೈತಿ ಅಂದ್ರಲ್ರೀ ಸಾವ್ಕಾರ್ರ. ಬರೇ ತೂಕದ್ದಷ್ಟ ಕಳಿಸಿದ್ರ ನಮ್ಮೂರಿನವರು ಎಂಥಾವರು ಅಂದಾರು?” ಎಂದಳು ಆಯಿ.

ಇನ್ಸ್‌ಪೆಕ್ಟರ್ ಹುಡುಗ ತಲೆ ತಗ್ಗಿಸಿ ‘ಹೊಂದಿಕೆಯಾಗಿಲ್ಲ’ ಎಂಬ ವರದಿ ಬರೆದ. ಅದರ ಜೊತೆಗೆ ಒಂದು ನಮೂನೆ ಕೊಟ್ಟ. ನಾಲ್ಕು ಖಾನೆ: ತಪ್ಪಿನ ಮೂಲ ಕಾರಣ, ಹೊಣೆ ಯಾರದು, ಸರಿಪಡಿಸಿದ್ದು ಹೇಗೆ, ಮತ್ತೆ ಆಗದಂತೆ ಕೈಗೊಂಡ ಕ್ರಮ. ಅದನ್ನು ತುಂಬಿ ಕೊಟ್ಟ ಮೇಲೆಯೇ ಮರುತಪಾಸಣೆ. ಲಾರಿ ಬಂದರಿಗೆ ಹೊರಡಲು ಆರು ದಿನವಿತ್ತು. ಅದು ತಪ್ಪಿದರೆ ಆ ವ್ಯಾಪಾರಿ ಬೇರೆ ಕಡೆ ನೋಡಿಕೊಳ್ಳುವುದಾಗಿ ಮೊದಲೇ ಹೇಳಿದ್ದರು.

ಅವನು ಹೋದ ಕೂಡಲೇ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. “ಅಕ್ಕಾರ, ಆಯಿ ಹೆಸರ ಬರದಬಿಡ್ರಿ. ಪ್ಯಾಕಿಂಗ್ ಮಾಡಾಕಿ ತಪ್ಪು, ಕೆಲಸದಿಂದ ತಗದೇವಿ ಅಂತ ಬರೀರಿ. ಅವರಿಗೂ ಸಮಾಧಾನ ಆಗ್ತೈತಿ.”

“ಖರೇನ ತಗೀತೀರೇನು?”

ಅವರು ಆಯಿಯ ಕಡೆ ನೋಡಲಿಲ್ಲ. “ಬರದು ಕೊಟ್ಟಮ್ಯಾಲ ಇಟ್ಕೊಳ್ಳಾಕ ಬರೂದಿಲ್ಲಲ್ರಿ. ನಾಳೆ ಮತ್ತ ತಪಾಸ್ ಮಾಡಾಕ ಬಂದ್ರ?”

ನಾನು ಆಗಲಿ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ನನಗೂ ಸಿಟ್ಟಿತ್ತು, ಆ ಮುದುಕಿಯ ಮೇಲೂ ಇತ್ತು. ಮೊದಲು ಡಬ್ಬಿ ಸರಿ ಮಾಡೋಣ ಅಂದೆ. ಮರುದಿನ ಬೆಳಿಗ್ಗೆ ಎಲ್ಲ ಡಬ್ಬಿ ಬಿಚ್ಚಿ ಒಂದೊಂದು ತುಂಡು ತೆಗೆಯುವುದು ಎಂದಾಯಿತು.

ಬೆಳಿಗ್ಗೆ ಮೊದಲ ಪೆಟ್ಟಿಗೆ ಮೇಜಿಗೆ ಬಂತು. ಯಾರೂ ಕೈ ಹಾಕಲಿಲ್ಲ. ಏಳೂ ಹೆಂಗಸರು ಆಯಿಯ ಮುಖ ನೋಡುತ್ತಿದ್ದರು. ಆಯಿ ಕೈಗವಸು ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು.

“ಹಾಕಬ್ಯಾಡ ಅಂದ್ರ ಇನ್ನ ಮ್ಯಾಲ ಹಾಕೂದಿಲ್ಲ. ಆದ್ರ ಕೊಟ್ಟದ್ದನ್ನ ತಿರುಗಿ ತಗಿ ಅಂದ್ರ ನನ್ನ ಕೈಲೆ ಆಗೂದಿಲ್ಲ ತಂಗಿ. ಉಣ್ಣಾವರ ತಾಟಿಗೆ ಕೈ ಹಾಕಿದಂಗ ಆಗ್ತೈತಿ,” ಎಂದಳು.

“ಆಯಿ, ಅವರಿನ್ನೂ ಉಣ್ಣಾಕ ಕೂತಿಲ್ಲಬೇ! ಡಬ್ಬಿ ಇನ್ನೂ ಅಮೀನಗಡದಾಗ ಐತಿ!” ಎಂದು ರೇಗಿದೆ. 

“ಮುಚ್ಚಳ ಹಾಕಿದಮ್ಯಾಲ ಅದು ಅವರದು,” ಅಂದಳು. ಅಷ್ಟೇ.

ಥೂ ಇವರ! ಎಂದು ಬೈದುಕೊಳ್ಳುತ್ತ ಬಸ್ಸು ಹತ್ತಿದೆ. ಆದರೆ ಬಾಗಲಕೋಟೆಯ ದಾರಿ ಉದ್ದಕ್ಕೂ ಆ ಮಾತು ತಲೆಯಲ್ಲಿ ತಿರುಗುತ್ತಿತ್ತು. ಇಳಿದವಳು ಕೋಣೆಗೆ ಹೋಗದೆ ಆಟೋ ಹಿಡಿದು ಹಳೆ ಊರಿನ ಕಡೆ ಹೋಗಿ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಕೂತೆ. ಸಂಜೆ ನಾಲ್ಕರ ಬಿಸಿಲು, ನೀರಿನ ಮೇಲೆ ಸಣ್ಣ ಮಂಜಿನಂಥದ್ದು. ನಾನು ಸಣ್ಣವಳಿದ್ದಾಗ ನಡೆದಾಡಿದ ಓಣಿಗಳು ಆ ನೀರಿನ ಕೆಳಗಿವೆ. ಕಣ್ಣು ಅರ್ಧ ಮುಚ್ಚಿದರೆ ಕಿರಾಣಿ ಅಂಗಡಿಯ ಮೆಟ್ಟಿಲು ಕಾಣುತ್ತದೆ, ಅಂಗಡಿಯವರು ಸಕ್ಕರೆ ಪೊಟ್ಟಣ ಕಟ್ಟಿದ ಮೇಲೆ ನನ್ನ ಅಂಗೈಗೆ ಹಾಕುತ್ತಿದ್ದ ಎರಡು ಕಾಳು ಪುಟಾಣಿ ಕಾಣುತ್ತವೆ. ಅವತ್ತು ಆ ನೀರಿನ ಮೇಲೆ ಸಾವಿರದ ಇನ್ನೂರು ಡಬ್ಬಿಗಳು ತೇಲಿಕೊಂಡು ಹೋಗುತ್ತಿರುವಂತೆ ಅನ್ನಿಸಿತು. ನಮ್ಮ ನದಿ ಹರಿಯುವುದು ಮೂಡಣಕ್ಕೆ, ಹಡಗು ಇರುವುದು ಪಡುವಣಕ್ಕೆ. ಡಬ್ಬಿಗಳಿಗೆ ಅದು ಗೊತ್ತಿರಲಿಲ್ಲ, ತಮ್ಮ ಪಾಡಿಗೆ ತೇಲುತ್ತಿದ್ದವು. ಎಷ್ಟು ಹೊತ್ತು ಕೂತಿದ್ದೆನೋ. ಎದ್ದಾಗ ಒಂದು ವಿಷಯ ನಿಚ್ಚಳವಾಗಿತ್ತು: ಡಬ್ಬಿಯೊಳಗೆ ತಪ್ಪಿಲ್ಲ. ತಪ್ಪಿರುವುದು ಹೊದಿಕೆಯಲ್ಲಿ, ಅರ್ಜಿಯಲ್ಲಿ, ಅದರ ಕೆಳಗಿನ ನನ್ನ ಸಹಿಯಲ್ಲಿ.

ಭಾವುಕಳಾಗಿ ಮಾತ್ರ ಹೀಗೆ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಸಿಟ್ಟಿನ ಭರದಲ್ಲಿ ಮೊದಲು ಹೊಳೆಯದ್ದು ಆಗ ಹೊಳೆಯಿತು: ಡಬ್ಬಿ ಬಿಚ್ಚಿದರೆ ಪ್ಯಾಕ್ ಮಾಡಿದ ತಾರೀಖು ಬದಲಾಗುತ್ತದೆ, ಪ್ರಯೋಗಾಲಯದ ವರದಿಗೂ ಸರಕಿಗೂ ತಾಳೆ ತಪ್ಪುತ್ತದೆ, ಮತ್ತೆ ಪರೀಕ್ಷೆಗೆ ಹತ್ತು ದಿನ ಬೇಕು. ಅಂಕಿ ಬದಲಿಸಿದರೆ ಡಬ್ಬಿ ಬಿಚ್ಚಬೇಕಾಗಿಲ್ಲ, ಹೊದಿಕೆ ಹೊರಗಿರುವುದಲ್ಲವೇ. ಆದರೆ ಅಂಕಿ ಬದಲಿಸಲು ಎಲ್ಲ ಡಬ್ಬಿಗಳೂ ಒಂದೇ ತೂಕ ಇರಬೇಕು. ಕಣ್ಣಳತೆಯಲ್ಲಿ ಕೊಟ್ಟ ಕೊಸರು ಒಂದೇ ತೂಕ ಇರುತ್ತದೆಯೇ?

ಮರುದಿನ ನಾನೇ ಕೂತು ನೂರು ಡಬ್ಬಿ ತೂಗಿದೆ. ಐನೂರಾ ಇಪ್ಪತ್ತು, ಐನೂರಾ ಇಪ್ಪತ್ತೆರಡು, ಹತ್ತೊಂಬತ್ತು, ಇಪ್ಪತ್ತೊಂದು. ಅತಿ ಕಡಿಮೆ ಹದಿನೆಂಟು, ಅತಿ ಹೆಚ್ಚು ಇಪ್ಪತ್ನಾಲ್ಕು. ಸರಾಸರಿ ಇಪ್ಪತ್ತರ ಮೇಲೆ. ನಿಯಮದಲ್ಲಿ ಒಂದೊಂದು ಡಬ್ಬಿ ನಾಲ್ಕಾರು ಗ್ರಾಂ ಕಡಿಮೆಯಾದರೂ ನಡೆಯುತ್ತದೆ, ಸರಾಸರಿ ಮಾತ್ರ ಬರೆದದ್ದಕ್ಕಿಂತ ಕೆಳಗಿಳಿಯಬಾರದು. ಆಯಿ ತಕ್ಕಡಿಯಿಲ್ಲದೆ, ಬರೀ ಕಣ್ಣಳತೆಯಲ್ಲಿ, ಪ್ರತಿ ಡಬ್ಬಿಗೂ ಹೆಚ್ಚುಕಡಿಮೆ ಒಂದೇ ತೂಕದ ಕೊಸರು ಆರಿಸಿ ಹಾಕುತ್ತ ಹೋಗಿದ್ದಳು. 

ಮಧ್ಯಾಹ್ನ ಯಜಮಾನರ ಮೇಜಿನ ಮೇಲೆ ಆ ನಾಲ್ಕು ಖಾನೆಯ ನಮೂನೆ ಹರಡಿಕೊಂಡೆ. ಒಲೆಯ ಕಡೆಯಿಂದ ತುಪ್ಪದ ವಾಸನೆ ಬರುತ್ತಿತ್ತು, ಅವರು ಎದುರಿಗೆ ನಿಂತಿದ್ದರು. ಮೂಲ ಕಾರಣದಲ್ಲಿ ಬರೆದೆ: ತೂಕದ ಮೇಲೆ ಒಂದು ತುಂಡು ಹೆಚ್ಚು ಕೊಡುವುದು ಈ ಭಾಗದ ವ್ಯಾಪಾರದ ರೂಢಿ, ಅರ್ಜಿದಾರರ ಪ್ರತಿನಿಧಿ ಅದನ್ನು ಲೆಕ್ಕಕ್ಕೆ ಹಿಡಿಯದೆ, ಡಬ್ಬಿಯನ್ನು ತೂಗದೆ ವಿವರ ಸಲ್ಲಿಸಿದ್ದಾರೆ. ಹೊಣೆಯ ಖಾನೆಯಲ್ಲಿ ನನ್ನ ಹೆಸರು ಬರೆದೆ.

“ಅಕ್ಕಾರ, ಹಿಂಗ ಬರದ್ರ ನಿಮಗ ತ್ರಾಸ್ ಆಗೂದಿಲ್ಲೇನ್ರಿ?”

ಆಗುತ್ತದೆ ಅಂದೆ. ಮುಂದಿನ ವರ್ಷವಿಡೀ ನನ್ನ ಪ್ರತಿ ಫೈಲನ್ನೂ ಆ ಸಂಸ್ಥೆಯವರು ಸೂಜಿಯಲ್ಲಿ ಚುಚ್ಚಿ ನೋಡುತ್ತಾರೆ, ಹೊಸ ಗಿರಾಕಿಗಳು ದೂರ ಸರಿಯುತ್ತಾರೆ. ಹೆದರಿಕೆ ಇಲ್ಲದೆ ಏನಲ್ಲ. ಆದರೆ ತೂಗದೆ ಸಹಿ ಹಾಕಿದವಳು ನಾನು, ಕೆಲಸ ಹೋಗುವುದು ಆಯಿಯದು ಎಂದರೆ ಆ ಕಾಗದವನ್ನು ಫೈಲಿನಲ್ಲಿಟ್ಟುಕೊಂಡು ನನಗೆ ಊಟ ಇಳಿಯುತ್ತಿರಲಿಲ್ಲ.

ಮೂರನೆಯ ಖಾನೆ: ನಿವ್ವಳ ತೂಕ ಐನೂರಾ ಇಪ್ಪತ್ತು ಗ್ರಾಂ ಎಂದು ಹೊದಿಕೆ, ಇನ್ವಾಯ್ಸು, ಪ್ಯಾಕಿಂಗ್ ಪಟ್ಟಿ, ಅರ್ಜಿ ಎಲ್ಲವನ್ನೂ ತಿದ್ದುವುದು. ನಾಲ್ಕನೆಯದಕ್ಕೆ ಪೆನ್ನು ನಿಂತಿತು. ಮತ್ತೆ ಆಗದಂತೆ ಕ್ರಮ. ಬಹಳ ಹೊತ್ತು ಯೋಚಿಸಿ ಬರೆದೆ: ಇನ್ನು ಮುಂದೆ ಹೆಚ್ಚಿನ ತುಂಡನ್ನು ತೂಕಕ್ಕೆ ಮೊದಲೇ ಹಾಕಲಾಗುವುದು; ತಕ್ಕಡಿಯಿಂದ ಇಳಿಸಿದ ಮೇಲೆ ಏನನ್ನೂ ಸೇರಿಸುವುದಿಲ್ಲ. ಯಜಮಾನರು ಎರಡು ಸಲ ಓದಿದರು. “ಹಂಗಾರ ಆಯಿ ಇರ್ಲಿ,” ಎಂದು ಕುರ್ಚಿಯಲ್ಲಿ ಕುಸಿದು ಕೂತರು. ತಮಗೇ ಯಾರೋ ಕೆಲಸ ಉಳಿಸಿಕೊಟ್ಟಂತಿತ್ತು ಅವರ ಮುಖ.

ಆಮೇಲಿನ ಮೂರು ದಿನ ಓಡಾಟ. ಹಳೆಯ ಅಂಕಿಯ ಮೇಲೆ ಚೀಟಿ ಅಂಟಿಸಿದರೆ ತಿದ್ದಿದ ಹಾಗೆ ಕಾಣುತ್ತದೆ, ನಡೆಯುವುದಿಲ್ಲ ಎಂದು ಸಂಸ್ಥೆಯವರು ತಿಳಿಸಿದರು. ಹೊಸ ಹೊದಿಕೆಯೇ ಆಗಬೇಕು. ಹುನಗುಂದ ದಾಟಿ ಇಳಕಲ್ಲಿನ ಮುದ್ರಣದವರ ಹತ್ತಿರ ಹೋದೆ. ಅವರು ಮದುವೆ ಪತ್ರಿಕೆಗಳ ರಾಶಿಯ ನಡುವಿನಿಂದ ತಲೆಯೆತ್ತಿ, “ಇಪ್ಪತ್ತು ಗ್ರಾಮಿಗೆ ಇಷ್ಟ್ಯಾಕ ಓಡ್ಯಾಡ್ತೀರ್ರಿ?” ಎಂದು ನಕ್ಕರು. ನಗಲಿ, ಕೆಲಸ ಮಾಡಿಕೊಟ್ಟರು. ಆ ಕಡೆಯ ವ್ಯಾಪಾರಿ ತಿದ್ದಿದ ಇನ್ವಾಯ್ಸಿಗೆ ಒಂದೇ ಸಾಲಿನ ಒಪ್ಪಿಗೆ ಕಳಿಸಿದರು. ಶಾಯಿ ಸರಿಯಾಗಿ ಆರದ ಹೊದಿಕೆಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ಸೂರ್ಯಕಾಂತಿಯ ಹೊಲ, ಕಲ್ಲಿನ ಗುಡ್ಡ, ಮತ್ತೆ ಹೊಲ. ಕಂಡಕ್ಟರ್ ಎಬ್ಬಿಸಿದಾಗ ಅಮೀನಗಡ ಬಂದಿತ್ತು.

ಮರುತಪಾಸಣೆಗೆ ಅದೇ ಹುಡುಗ ಬಂದ. ಈ ಸಲ ಐವತ್ತು ಡಬ್ಬಿ ಆರಿಸಿದ. ಒಂದೊಂದೂ ತಕ್ಕಡಿ ಏರಿ ಇಳಿಯಿತು. ಕೊನೆಯದನ್ನು ಇಳಿಸಿ, ಸರಾಸರಿ ಹಾಕಿ, ನನ್ನ ನಮೂನೆಯನ್ನು ಇನ್ನೊಮ್ಮೆ ಓದಿದ. “ಮೇಡಂ, ಹೊಣೆ ಅನ್ನೂ ಖಾನ್ಯಾಗ ಯಾರೂ ತಮ್ಮ ಹೆಸರು ಬರಿಯೂದಿಲ್ರಿ,” ಎಂದಷ್ಟೇ ಹೇಳಿ ಪೆಟ್ಟಿಗೆಗಳಿಗೆ ಮುದ್ರೆ ಹಾಕಿದ. ಲಾರಿ ಹೊರಡುವ ದಿನ ಬೆಳಿಗ್ಗೆ ಪ್ರಮಾಣಪತ್ರ ಬಂತು. ನಾನು ಅದನ್ನು ಅಚ್ಚು ಹಾಕಿಸಿಕೊಂಡು, ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು, ಮೊದಲು ಆಯಿಗೇ ತೋರಿಸಬೇಕೆಂದು ಹಿಗ್ಗುತ್ತ ಹೋದೆ.

ಅವಳು ಕೈ ಒರೆಸಿಕೊಂಡು ಕಾಗದ ಹಿಡಿದಳು, ಓದು ಬಾರದಿದ್ದರೂ ಮೇಲಿಂದ ಕೆಳಗಿನವರೆಗೆ ಬೆರಳಾಡಿಸಿದಳು.

“ಇದರಾಗ ಕೊಸರು ಎಲ್ಲಿ ಬರದಾರ, ತಂಗಿ?”

ಐನೂರಾ ಇಪ್ಪತ್ತು ಎಂಬ ಅಂಕಿಯ ಮೇಲೆ ಅವಳ ಬೆರಳನ್ನಿಟ್ಟೆ. “ಇಲ್ಲಿ ಐತಿ ನೋಡು ಆಯಿ. ಎಲ್ಲಾ ಕೂಡೇ ಬರದಾರ.”

ಅವಳ ಬೆರಳು ಆ ಅಂಕಿಯ ಮೇಲೆ ಒಂದು ಸುತ್ತು ತಿರುಗಿತು.

“ಕೂಡಿಸಿಬಿಟ್ರೇನು? ಹಂಗಾರ ನಾವು ಕೊಟ್ಟದ್ದು ಅವರಿಗೆ ಗೊತ್ತ ಆಗೂದಿಲ್ಲ.”

ಆಯಿ ಕಾಗದವನ್ನು ಜೋಪಾನವಾಗಿ ನನ್ನ ಕೈಗೆ ಕೊಟ್ಟು, “ಇರ್ಲಿ ಬಿಡು, ನಿನ್ನ ಕೆಲಸ ಆತಲ್ಲ,” ಎಂದು ತನ್ನ ಜಾಗಕ್ಕೆ ಹೋಗಿ ಕೂತಳು. ಅಂದು ಹೊಸ ಹದದ ಪ್ಯಾಕಿಂಗ್ ನಡೆದಿತ್ತು. ಇಪ್ಪತ್ತಾರು ತುಂಡು ಹಾಕಿ ತೂಗಿದ ಡಬ್ಬಿಗಳು ಸರಿದು ಸರಿದು ಅವಳ ಮುಂದೆ ಬರುತ್ತಿದ್ದವು. ಎಡಗೈ ಮುಚ್ಚಳ ಎತ್ತಿಕೊಳ್ಳುತ್ತಿತ್ತು. ಬಲಗೈ ರೂಢಿಯಂತೆ ಪಕ್ಕಕ್ಕೆ ಹೋಗುತ್ತಿತ್ತು. ಅಲ್ಲೀಗ ತಟ್ಟೆ ಇರಲಿಲ್ಲ. ಕೈ ಬರಿದಾಗಿ ಹಿಂದಿರುಗಿ ಮುಚ್ಚಳ ಒತ್ತುತ್ತಿತ್ತು. ನಾನು ನೋಡುತ್ತ ನಿಂತಷ್ಟು ಹೊತ್ತೂ, ಒಂದು ಡಬ್ಬಿಗೂ ತಪ್ಪದೆ, ಆ ಕೈ ಹೋಗಿ ಬರುತ್ತಲೇ ಇತ್ತು.